ಈರೋಡಿಗೆ ಹೋದ ಮಾಲೀಕರು

ಚಾಮರಾಜನಗರ
೧೨ ಜೂನ್ ೨೦೨೫

ಮಗಳು ರೂಪಶ್ರೀಗೆ ಅವ್ವನ ಆಶೀರ್ವಾದ.

ಒಂದು ಬಸ್ಸಿನ ದೂರದ ಗುಂಡ್ಲುಪೇಟೆಗೆ ಕಾಗದ ಬರೆಯುತ್ತಿದ್ದಾಳಲ್ಲ, ಅವ್ವನಿಗೆ ಅರಳುಮರಳು ಅಂತ ನೀನು ನಗಬಹುದು. ನಗು. ಫೋನಿನಲ್ಲಿ ನೀನು ಏನು ಕೇಳಿದರೂ ನನ್ನ ಬಾಯಿ ಹೂಂ ಅಂದುಬಿಡುತ್ತದೆ. ಆಮೇಲೆ ಮನಸ್ಸು ಊಹೂಂ ಅನ್ನುತ್ತಾ ಕೂರುತ್ತದೆ. ಕಾಗದದಲ್ಲಾದರೆ ಬಾಯಿಗೂ ಮನಸ್ಸಿಗೂ ಜಗಳವಿಲ್ಲ. ಕಂಡಕ್ಟರ್ ಪುಟ್ಟಮಾದು ಕೈಯಲ್ಲಿ ಡಬ್ಬದ ಜೊತೆ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ಡಬ್ಬ ಖಾಲಿ ಬರಬಾರದು.

ಕಾರು ಜಜ್ಜಿಹೋಯಿತೆಂದು ನೀನು ಪೇಚಾಡುತ್ತಿದ್ದೀಯ. ನಾನು ಆ ಸಂಜೆಯನ್ನು ದಿನಾ ಒಂದು ಸಲ ನೆನೆಸಿಕೊಳ್ಳುತ್ತೇನೆ. ಹಾಸನೂರಿನ ದೊಡ್ಡಮ್ಮನ ಮನೆಯಿಂದ ಬರುತ್ತಿದ್ದೆವು. ಹಿಂದುಗಡೆ ಅವಳು ತುಂಬಿಸಿದ ಹಲಸಿನ ಹಣ್ಣು. ಪುಣಜನೂರು ಇನ್ನೇನು ಬಂತು ಅನ್ನುವಾಗ ಮುಂದೆ ಕಬ್ಬಿನ ಲಾರಿ ನಿಂತಿತು, ನೀನೂ ನಿಲ್ಲಿಸಿದೆ. ಬಿದಿರಿನ ನಡುವಿನಿಂದ ಆ ಆನೆ ಯಾವ ಅವಸರವೂ ಇಲ್ಲದೆ ಬಂತು. ಲಾರಿಯ ಕಬ್ಬನ್ನು ಮೂಸಿ ನೋಡಿ ಬೇಡವೆಂದಿತು. ನಮ್ಮ ಕಡೆ ತಿರುಗಿತು. ಹಿಂದಿನ ಗಾಜು ಒಡೆದ ಸದ್ದು, ಮೇಲೆ ತಗಡು ಕುಸಿದ ಸದ್ದು, ಆಮೇಲೆ ಹಲಸಿನ ವಾಸನೆ. ನೀನು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ಮಾತ್ರ ಯಾಕೋ ಹೆದರಿಕೆಯೇ ಆಗಲಿಲ್ಲ ಕಣಮ್ಮಿ. ನನ್ನ ಕಡೆಯ ಕಿಟಕಿಯಲ್ಲಿ ಅದರ ಕಣ್ಣು ಒಂದು ಗಳಿಗೆ ನಿಂತಿತು, ಯಾರೋ ಗುರುತಿನವರು ನೋಡಿದ ಹಾಗೆ. ಅದು ಈರೋಡಿಗೆ ಹೋಗುವ ದಾರಿ ತಾನೆ. ನಿಮ್ಮ ಅಪ್ಪಾಜಿ ಅರಿಸಿನದ ಮೂಟೆಗಳ ಹಿಂದೆ ವರ್ಷಕ್ಕೆ ಅದೆಷ್ಟು ಸಲ ಓಡಾಡಿದ ದಾರಿ. ಮೂರು ವರ್ಷದ ಹಿಂದೆ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದದ್ದೂ ಅದೇ ದಾರಿಯಲ್ಲಿ.

ಏಜೆಂಟ್ ಗುರುಮಲ್ಲಯ್ಯ ಇನ್ಶೂರೆನ್ಸಿಗೆ ಕ್ಲೇಮ್ ಹಾಕಿದ್ದಾನೆ. ಅಪ್ಪಾಜಿಯ ಫೋನಿಗೆ ಕಂಪನಿಯಿಂದ ಕನ್ನಡದಲ್ಲೇ ಮೆಸೇಜು ಬಂದಿದೆ. ಮೊದಲು ‘ಪ್ರಿಯ’, ಆಮೇಲೆ ಅವರ ಹೆಸರು, ಆಮೇಲೆ ‘ನಿಮ್ಮ ಕ್ಲೇಮ್ ನೋಂದಣಿಯಾಗಿದೆ’. ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆ ಗೊತ್ತಾ.

ಇಂತಿ ನಿನ್ನ ಅವ್ವ,
ಸುಧಾಮಣಿ

ಗುಂಡ್ಲುಪೇಟೆ
೩೦ ಜೂನ್ ೨೦೨೫

ಅವ್ವನಿಗೆ ನಮಸ್ಕಾರ.

ಡಬ್ಬದಲ್ಲಿ ನಿಪ್ಪಟ್ಟು ಇದೆ, ಬೇಗ ತಿನ್ನು, ಮೆತ್ತಗಾಗುತ್ತದೆ.

ಕಾರು ರಾಜಣ್ಣನ ಗ್ಯಾರೇಜಿನಲ್ಲಿ ಊಟಿ ರಸ್ತೆಗೆ ಮುಖ ಮಾಡಿ ನಿಂತಿದೆ. ಕಂಪನಿಯ ಸರ್ವೇಯರ್ ಮೈಸೂರಿನಿಂದ ಬಂದಿದ್ದರು. ರಂಗರಾಜು ಅಂತ. ಮಾತು ಮೆತ್ತಗಿನ ಮನುಷ್ಯ. ನಾಲ್ಕೂ ಕಡೆಯಿಂದ ಫೋಟೋ ತೆಗೆದರು. ತಗ್ಗಿನಲ್ಲಿ ಅಂಟಿದ್ದ ಹಲಸಿನ ಮೇಣವನ್ನು ಬೆರಳಿನಿಂದ ಮುಟ್ಟಿ ನೋಡಿ ತಾವೇ ನಕ್ಕರು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು. ಮಾಲೀಕರು ಎಲ್ಲಿ? ಅವ್ವನನ್ನೇ ಕೇಳಿ ಅಂತ ನಿನ್ನ ನಂಬರ್ ಕೊಟ್ಟೆ.

ಹೀಗಾಗುತ್ತದೆ ಅಂತ ಗೊತ್ತಿತ್ತವ್ವ. ಅಪ್ಪಾಜಿ ಹೋದ ಮೇಲೆ ಆರ್‌ಸಿಯಲ್ಲಿ ಹೆಸರು ಬದಲಾಯಿಸೋಣ ಅಂತ ನಾನು ಹೇಳಿದೆ, ಗುರುಮಲ್ಲಯ್ಯನವರು ಪ್ರತಿ ವರ್ಷ ಹೇಳಿದರು. ನೀನು ಪ್ರತಿ ವರ್ಷ ‘ಬರೋ ವರ್ಷ ನೋಡೋಣ’ ಅಂತ ಅವರ ಹೆಸರಿನಲ್ಲೇ ಪಾಲಿಸಿ ಕಟ್ಟಿದೆ. ‘ಹೆಸ್ರು ತೆಗುದ್ರೆ ಇನ್ನೊಂದ್ಸಲ ಓದಂಗಾಯ್ತದೆ’ ಅಂತ ನೀನು ಅಂದದ್ದು ನನಗೆ ನೆನಪಿದೆ. ಅಲ್ಲಿಗೆ ನಾನೂ ಆ ಮಾತು ಬಿಟ್ಟೆ.

ಗುರುಮಲ್ಲಯ್ಯನವರು ಹೇಳುವ ಪ್ರಕಾರ ದಾರಿ ಇದೆ. ಅಪ್ಪಾಜಿ ಇಲ್ಲವೆಂದು ಕಂಪನಿಗೆ ತಿಳಿಸಬೇಕು, ನೀನು ವಾರಸುದಾರಳೆಂದು ಸಹಿ ಮಾಡಿ ಕಾರನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ನೀನು ಸಹಿ ಮಾಡದೆ ಕ್ಲೇಮ್ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಕಂಪನಿಯಿಂದ ವಿಚಾರಣೆಗೆ ಫೋನ್ ಬರುತ್ತದಂತೆ. ಮಾಲೀಕರ ಹೆಸರು ಕೇಳುತ್ತಾರೆ. ಗುರುಪಾದಸ್ವಾಮಿ ಅಂತ ಹೇಳು, ಅವರು ತೀರಿಕೊಂಡಿದ್ದಾರೆ ಅಂತ ಹೇಳು. ಅಷ್ಟೇ.

ನಿನ್ನ,
ರೂಪ

ಚಾಮರಾಜನಗರ
೨೦ ಜುಲೈ ೨೦೨೫

ರೂಪಶ್ರೀಗೆ ಆಶೀರ್ವಾದ.

‘ಅಷ್ಟೇ’ ಎಂದು ಬರೆದಿದ್ದೀಯಲ್ಲ, ಆ ಅಷ್ಟೇ ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಿಲ್ಲ.

ಫೋನ್ ಬಂತು. ಒಬ್ಬಳು ಹುಡುಗಿ. ಧ್ವನಿ ಎಳನೀರಿನ ಹಾಗಿತ್ತು. “ಮೇಡಂ, ವಾಹನದ ಮಾಲೀಕರ ಹೆಸರು ಹೇಳಿ” ಅಂದಳು. “ಅವ್ರೇ ಕಣವ್ವ” ಅಂದೆ. “ಅವರು ಅಂದ್ರೆ ಯಾರು ಮೇಡಂ?” “ನಮ್ಮನೆಯವ್ರು.” “ಅವರ ಹೆಸರು?” “ರೂಪಶ್ರೀ ಅಪ್ಪಾಜಿ.” “ಮೇಡಂ, ಆರ್‌ಸಿಯಲ್ಲಿ ಇರೋ ಹೆಸರು ಹೇಳಬೇಕು.” “ನಿನ್ತಾವೇ ಐತಲ್ಲವ್ವ, ನೀನೇ ಓದ್ಕೊಬುಡು” ಅಂದೆ. ಪಾಪ, ಅವಳು ಹೇಳಿಕೊಡುವ ಹಾಗಿಲ್ಲವಂತೆ, ನನ್ನ ಬಾಯಿಂದಲೇ ಬರಬೇಕಂತೆ, ಎಲ್ಲ ರೆಕಾರ್ಡ್ ಆಗುತ್ತದಂತೆ. ಗುರುಗಳಿಗೆ ಏನನ್ನುತ್ತಾರೆ, ಅವರ ಪಾದಕ್ಕೆ ಏನು ಮಾಡುತ್ತಾರೆ ಅಂತ ಸುತ್ತಿ ಬಳಸಿ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. “ವೆರಿಫಿಕೇಶನ್ ಆಗಲಿಲ್ಲ ಮೇಡಂ, ಮತ್ತೆ ಕರೆ ಮಾಡ್ತೀವಿ” ಎಂದು ಇಟ್ಟುಬಿಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು.

ನಗಬೇಡ. ನಾನು ಬದುಕಿನಲ್ಲಿ ಒಂದೇ ಸಲ ಅವರ ಹೆಸರು ಹೇಳಿರುವುದು, ಮದುವೆಯ ದಿನ. ಹರದನಹಳ್ಳಿಯ ಮನೆಯ ಹೊಸಿಲಲ್ಲಿ ನಿನ್ನ ಅತ್ತೆಯರೆಲ್ಲ ಕೈಗೆ ಕೈ ಜೋಡಿಸಿ ಅಡ್ಡ ನಿಂತಿದ್ದರು. ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ. ಹೇಳಿದೆ. “ಕೇಳುಸ್ಲಿಲ್ಲ, ಇನ್ನೊಂದ್ಸಲ” ಅಂದರು. ಗಟ್ಟಿಯಾಗಿ ಹೇಳಿದೆ. ಎಲ್ಲರೂ ಹೋ ಎಂದು ನಕ್ಕರು, ಅವರು ಮಾತ್ರ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದರು. ಆ ಮೇಲೆ ನನಗೆ ಆ ಹೆಸರಿನ ಅಗತ್ಯ ಬೀಳಲಿಲ್ಲ. ಬಳೆ ಸದ್ದು ಮಾಡಿದರೆ ಸಾಕು, ತಿರುಗಿ ನೋಡುತ್ತಿದ್ದರು.

ಅವರೇನು ನನ್ನ ಹೆಸರು ಕರೆದರೇ? ‘ಇವಳೇ’ ಅನ್ನುವುದರಲ್ಲೇ ಆಯಸ್ಸು ಕಳೆದರು. ಮದುವೆಯಾದ ವರ್ಷ ಈರೋಡಿನಿಂದ ಒಂದು ಇನ್‌ಲ್ಯಾಂಡ್ ಬರೆದಿದ್ದರು, ‘ಪ್ರಿಯ ಸುಧಾಮಣಿ’ ಎಂದು ಶುರು ಮಾಡಿ. ಒಳಗೆ ಇದ್ದದ್ದು ಅರಿಸಿನದ ರೇಟು, ಎಮ್ಮೆಯ ವಿಚಾರ. ನಾನು ಮೊದಲ ಸಾಲನ್ನೇ ಓದಿಕೊಂಡು ತಿರುಗಾಡಿದೆ.

ನೀನು ಹೇಳಿದ ಇನ್ನೊಂದು ಮಾತು, ಸಹಿಯ ವಿಷಯ, ಆಮೇಲೆ ಬರೆಯುತ್ತೇನೆ.

ಇಂತಿ ನಿನ್ನ ಅವ್ವ,
ಸುಧಾಮಣಿ

ಗುಂಡ್ಲುಪೇಟೆ
೧೮ ಆಗಸ್ಟ್ ೨೦೨೫

ಅವ್ವನಿಗೆ,

ಇಲ್ಲಿ ಬೆಳಗಾದರೆ ಮಂಜು. ಗೋಪಾಲಸ್ವಾಮಿ ಬೆಟ್ಟ ಇದೆಯೋ ಇಲ್ಲವೋ ಅನ್ನುವ ಹಾಗೆ. ಚೆಂಡುಹೂವು ಹೊಲದ ತುಂಬ ಬಂದಿದೆ, ಓಣಂ ಹತ್ತಿರವಾಯಿತೆಂದು ಕೇರಳದವರು ಗಾಡಿ ತಂದು ನಿಂತಿದ್ದಾರೆ. ಬಸವಪ್ರಸಾದ್ ಹೂ ತೂಗಿಸುವುದರಲ್ಲೇ ಇದ್ದಾರೆ. ಅಳಿಯನಿಗೆ ಪುರುಸೊತ್ತಿಲ್ಲವೆಂದು ಕೋಪ ಮಾಡಿಕೊಳ್ಳಬೇಡ.

ನಿನ್ನೆ ರಾಜಣ್ಣ ಫೋನ್ ಮಾಡಿ “ಮೇಡಂ, ನಿಮ್ ಗಾಡೀಲಿ ಹಲಸು ಉಟ್ಟದೆ ಬನ್ನಿ” ಅಂದ. ಹೋಗಿ ನೋಡಿದೆ. ಒಡೆದ ಗಾಜಿನಿಂದ ಮಳೆ ಒಳಗೆ ಬಿದ್ದು, ಆನೆ ಬಿಟ್ಟುಹೋದ ಬೀಜವೊಂದು ಡಿಕ್ಕಿಯ ಕಾರ್ಪೆಟ್ಟಿನಲ್ಲೇ ಮೊಳೆತಿದೆ. ಗೇಣುದ್ದ ಗಿಡ. ಹೊರಗಿನ ಬೆಳಕಿನ ಕಡೆ ಬಾಗಿದೆ. ಕೀಳಲು ಮನಸ್ಸು ಬರಲಿಲ್ಲ. ಕ್ಲೇಮ್ ಮುಗಿಯದೆ ಗಾಡಿಯಲ್ಲಿ ಏನನ್ನೂ ಅಲುಗಿಸಬೇಡಿ ಅಂತ ಕಂಪನಿಯವರು ಹೇಳಿದ್ದಾರೆ ಎಂದು ನೆಪ ಸಿಕ್ಕಿತು.

ನಮ್ಮ ಕಾರು ಬಂದ ಮೇಲೆ ಗ್ಯಾರೇಜಿಗೆ ಬಂದ ಕೇರಳದ ಬತ್ತೇರಿಯವರ ಜೀಪು ರಿಪೇರಿಯಾಗಿ ಹೋಗಿಯೂ ಆಯಿತು. “ಆನೆ ಬಂದು ಓಗಕ್ಕೆ ಒಂದು ಗಳಿಗೆ, ಕಾಗ್ದ ಬಂದು ಓಗಕ್ಕೆ ಒಂದು ವರ್ಸ” ಅನ್ನುತ್ತಾನೆ ರಾಜಣ್ಣ. ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ, ಮಾಲೀಕರ ಕಡೆಯಿಂದ ಬಾಕಿ ಇದೆ ಎಂದು. ಹೆಸರು ಹೇಳಲು ಆಗದಿದ್ದರೆ ಬೇಡ. ಅಪ್ಪಾಜಿ ಇಲ್ಲವೆಂದಾದರೂ ಅವರಿಗೆ ಹೇಳಿದೆಯಾ?

ರೂಪ

ಚಾಮರಾಜನಗರ
೨ ಸೆಪ್ಟೆಂಬರ್ ೨೦೨೫

ರೂಪಶ್ರೀಗೆ,

ಗಿಡವನ್ನು ಕೀಳದೆ ಇದ್ದದ್ದು ಒಳ್ಳೆಯದಾಯಿತು. ರಾಜಣ್ಣನಿಗೆ ಹೇಳು, ತೀರಾ ಬಿಸಿಲಾದ ದಿನ ಒಂದು ಲೋಟ ನೀರು ಹಾಕಲಿ.

ಮೆಸೇಜುಗಳು ಹೆಚ್ಚಾಗಿ ಸಂಜೆ ದೀಪ ಹಚ್ಚುವ ಹೊತ್ತಿಗೇ ಬರುತ್ತವೆ. ನಾನು ವಿಭೂತಿ ಇಟ್ಟುಕೊಂಡು ಕೈ ಮುಗಿಯುವಷ್ಟರಲ್ಲಿ ಒಳಮನೆಯಲ್ಲಿ ಅವರ ಫೋನು ಟಿಣ್ ಅನ್ನುತ್ತದೆ. ‘ನಿಮ್ಮ ಕ್ಲೇಮ್ ಪರಿಶೀಲನೆಯಲ್ಲಿದೆ.’ ‘ತಾಳ್ಮೆಗಾಗಿ ಧನ್ಯವಾದಗಳು.’ ಮೂರು ವರ್ಷ ಆ ಫೋನಿಗೆ ಚಾರ್ಜು ಹಾಕಿ ಹಾಕಿ ಇಟ್ಟೆ, ಒಬ್ಬರೂ ಅವರನ್ನು ಕೇಳಲಿಲ್ಲ. ಅರಿಸಿನ ಮಂಡಿಯವರು ಮರೆತರು, ನೆಂಟರು ಮರೆತರು. ಈಗ ಯಾರೋ ಗುರುತಿಲ್ಲದವರು ಬಿಡದೆ ಕೇಳುತ್ತಿದ್ದಾರೆ. ಅವರ ತಾಳ್ಮೆಯನ್ನು ಹೊಗಳುತ್ತಿದ್ದಾರೆ. ಕೋಪ ಮೂಗಿನ ತುದಿಯಲ್ಲಿದ್ದ ಮನುಷ್ಯನಿಗೆ ತಾಳ್ಮೆ ಅಂತೆ. ನಾನು ಒಬ್ಬಳೇ ನಗುತ್ತೇನೆ.

ತಡವಾದರೆ ಆಗಲಿ ಬಿಡು. ನನಗೆ ಎಲ್ಲಿಗೆ ಹೋಗುವುದಿದೆ?

ಅವ್ವ,
ಸುಧಾಮಣಿ

ಗುಂಡ್ಲುಪೇಟೆ
೪ ಅಕ್ಟೋಬರ್ ೨೦೨೫

ಅವ್ವ,

ಇವತ್ತು ಗ್ಯಾರೇಜಿಗೆ ರಂಗರಾಜು ಬಂದಿದ್ದರು. ನಾನೂ ಹೋಗಿದ್ದೆ. ಕೈಯಲ್ಲಿದ್ದ ಕಾಗದ ನೋಡುತ್ತಾ “ನಿಮ್ಮ ತಾಯಿಯವರ ಜೊತೆ ಮಾತಾಡ್ತಾನೇ ಇದೀನಿ. ನಿಮ್ಮ ತಂದೆ ಈರೋಡಿಗೆ ಹೋಗಿದಾರಂತೆ. ಬಂದ ತಕ್ಷಣ ಸೈನ್ ಮಾಡಿಸಿ” ಅಂದರು.

ನಾನು ಏನು ಮಾಡಿದೆ ಗೊತ್ತಾ? “ಯಾವಾಗ ಬರ್ತಾರಂತೆ?” ಅಂತ ಕೇಳಿಬಿಟ್ಟೆ.

ಕೇಳುವಾಗ, ಆ ಒಂದು ಗಳಿಗೆ, ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಸಂಜೆಯ ಬಸ್ಸಿಗೋ, ನಾಳೆಯೋ, ನನಗೆ ಸತ್ಯಮಂಗಲದ ಮಲ್ಲಿಗೆ ತರುತ್ತಾರೋ. ರಂಗರಾಜು “ನಾಡಿದ್ದು ಅಂದ್ರು ನಿಮ್ಮಮ್ಮ” ಅಂದರು. ನಾನು ಹೂಂ ಅಂದು ಮನೆಗೆ ಬಂದೆ. ಅವರಿಗೆ ನಿಜ ಹೇಳಲಿಲ್ಲ. ನಿನ್ನ ಸುಳ್ಳಿನೊಳಗೆ ನಾನೂ ಹೋಗಿ ಕುಳಿತುಬಿಟ್ಟೆ, ಅಲ್ಲಿ ಬೆಚ್ಚಗಿತ್ತು.

ಅದಕ್ಕೇ ಇಷ್ಟು ಕೋಪ ಬಂದಿದೆ. ಕಾರು ಹಾಳಾಗಿ ಹೋಗಲಿ, ಕ್ಲೇಮ್ ಬರದಿದ್ದರೆ ಬೇಡ. ಅಪ್ಪಾಜಿಯನ್ನು ಈರೋಡಿನಿಂದ ತಂದ ದಿನ ನೀನು ಅಳಲಿಲ್ಲ. ಹರದನಹಳ್ಳಿ ಹೊಲದಲ್ಲಿ ಮಣ್ಣು ಮಾಡಿದಾಗಲೂ ಅಳಲಿಲ್ಲ. ಮನೆಗೆ ಬಂದು ಅವರ ಚಪ್ಪಲಿಯನ್ನು ಬಾಗಿಲ ಪಕ್ಕ ತಿರುಗಿಸಿಟ್ಟೆ, ನಾಳೆ ಹಾಕಿಕೊಳ್ಳಲು ಸುಲಭವಾಗುವ ಹಾಗೆ. ನೀನೇ ಅಳದೆ ಇರುವಾಗ ನಾನು ಯಾರೆದುರು ಅಳಲಿ? ನಿನ್ನ ಮನೆಯಲ್ಲಿ ಅವರು ಸತ್ತೇ ಇಲ್ಲ. ಅಲ್ಲಿಗೆ ಬಂದಾಗಲೆಲ್ಲ ನಾನು ಅಪ್ಪ ಇರುವವಳ ಹಾಗೆ ನಟಿಸಿ, ಬಸ್ಸು ತೆರಕಣಾಂಬಿ ದಾಟಿದ ಮೇಲೆ ಕಿಟಕಿಗೆ ಮುಖ ಕೊಟ್ಟು ಅಳುತ್ತೇನೆ. ಸಾಕಾಗಿದೆಯವ್ವ. ಅವರು ನನಗೂ ಹೋಗಿದ್ದಾರೆ.

ಈ ಸಲ ಡಬ್ಬದಲ್ಲಿ ಏನೂ ಇಟ್ಟಿಲ್ಲ.

ರೂಪಶ್ರೀ

ಚಾಮರಾಜನಗರ
೧೬ ನವೆಂಬರ್ ೨೦೨೫

ಮಗಳೇ,

ಖಾಲಿ ಡಬ್ಬ ಕೊಡುವಾಗ ಪುಟ್ಟಮಾದು ನನ್ನ ಮುಖ ನೋಡಲಿಲ್ಲ. “ಏನವ್ವಾರೇ, ಮಗ್ಳು ಮುನುಸ್ಕಂಡವಳಾ?” ಎಂದು ಬಸ್ಸಿನ ಮೆಟ್ಟಿಲ ಮೇಲೇ ಕೇಳಿದ. “ಊಂ ಕಣಪ್ಪ, ಕಾರಣ ಅದೆ” ಅಂದೆ. ನಿನ್ನ ಕಾಗದವನ್ನು ಓದಿ ಮಡಿಚಿ, ಮತ್ತೆ ಬಿಡಿಸಿ ಓದಿ ಇಷ್ಟು ದಿನವಾಯಿತು. ಉತ್ತರ ಬರೆಯುವ ಮೊದಲು ಮಾಡುವುದು ಒಂದಿತ್ತು. ಅದನ್ನು ಮಾಡಿ ಬಂದು ಬರೆಯುತ್ತಿದ್ದೇನೆ.

ನಾನು ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಿರಲಿಲ್ಲ ರೂಪ. ಅವರು ಈರೋಡಿಗೆ ಹೋದದ್ದು ನಿಜ. ‘ಇವಳೇ, ಬರ್ತೀನಿ’ ಅಂದದ್ದೂ ನಿಜ. ವಾಪಸ್ಸು ತಂದರಲ್ಲ, ಅದೊಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಳ್ಳೆಯವರಾದ ರಂಗರಾಜು ‘ಯಜಮಾನ್ರು ಬಂದ್ರಾ ಅಮ್ಮ?’ ಎಂದು ಕೇಳಿದಾಗಲೆಲ್ಲ ನಿಮ್ಮ ಅಪ್ಪಾಜಿ ಇನ್ನೊಂದು ದಿನ ದಾರಿಯಲ್ಲಿ ಇರುತ್ತಿದ್ದರು. ಒಂದು ದಿನ ಹಾಸನೂರಿನಲ್ಲಿ ಕಾಫಿ ಕುಡಿಯುತ್ತಿದ್ದರು. ಒಂದು ದಿನ ಆನೆ ಅಡ್ಡ ಬಂದು ಬಸ್ಸು ನಿಂತಿತ್ತು. ಅವರು ಹೀಗೆ ಬರುತ್ತಲೇ ಇರಲೆಂದು ನಾನು ಕ್ಲೇಮಿಗೆ ಕಾಲು ಕಟ್ಟಿ ಕೂರಿಸಿದೆ. ನನ್ನ ಸಂಸಾರದಲ್ಲಿ ಅವರನ್ನು ಕಳೆದುಕೊಂಡವಳು ನಾನು ಒಬ್ಬಳೇ ಎಂದು ತಿಳಿದಿದ್ದೆ. ನೀನು ಕಿಟಕಿಗೆ ಮುಖ ಕೊಡುವುದು ನನಗೆ ಗೊತ್ತಿರಲಿಲ್ಲ. ತಪ್ಪಾಯಿತು ಮಗಳೇ.

ಮೊನ್ನೆ ರಂಗರಾಜುಗೆ ನಾನೇ ಫೋನ್ ಮಾಡಿ ಗ್ಯಾರೇಜಿಗೆ ಬರಲು ಹೇಳಿದೆ. ನಿನಗೆ ತಿಳಿಸಲಿಲ್ಲ. ನೀನು ಎದುರಿಗಿದ್ದರೆ ನನ್ನ ಬಾಯಿ ಏಳುತ್ತಿರಲಿಲ್ಲ. ಪುಟ್ಟಮಾದು ಬಸ್ಸಿನಲ್ಲೇ ಹೋದೆ. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಮ್ಮ ಕಾರು ಅಲ್ಲಿ, ತಲೆಯ ಮೇಲೆ ಆನೆಯ ಗುರುತು ಹೊತ್ತು, ಹೊಟ್ಟೆಯೊಳಗೆ ಹಲಸಿನ ಗಿಡ ಇಟ್ಟುಕೊಂಡು ಕನಸು ಕಾಣುತ್ತಾ ನಿಂತಿತ್ತು. ಬಾಗಿಲು ತೆಗೆದು ಅವರ ಸೀಟಿನ ಮೇಲೆ ಕೈಯಾಡಿಸಿದೆ. ಒದ್ದೆಯಾಗಿತ್ತು.

ರಾಜಣ್ಣ ಸ್ಟೂಲು ಹಾಕಿ “ಕುಂತ್ಕಳಿ ಅವ್ವಾರೇ” ಅಂದ. ನಾನು ಕೂರಲಿಲ್ಲ. ರಂಗರಾಜು ಎದುರು ನಿಂತು “ಅವ್ರು ಈರೋಡಿಂದ ಬರಾಕಿಲ್ಲ ಕಣಪ್ಪ. ಅವ್ರು ಇಲ್ಲ” ಅಂದೆ. ಮೊದಲೇ ಹೇಳಬೇಕಿತ್ತು ಎಂದು ಗದರುತ್ತಾರೆ ಅಂದುಕೊಂಡೆ, ಗದರಲಿಲ್ಲ. “ನಿಮ್ಮ ಹೇಳಿಕೆ ರೆಕಾರ್ಡ್ ಮಾಡ್ಕೊಬೇಕಮ್ಮ, ಹೆಸರು ಸಮೇತ. ಆಗುತ್ತಾ?” ಎಂದು ಕೇಳಿ ಫೋನನ್ನು ನನ್ನ ಹತ್ತಿರ ಹಿಡಿದರು.

ಹೇಳಿದೆ. ಅಷ್ಟರಲ್ಲಿ ಕೇರಳದ ಲಾರಿಯೊಂದು ಹಾರನ್ ಹೊಡೆದುಕೊಂಡು ಹೋಯಿತು. ರಂಗರಾಜು ಸಂಕೋಚದಿಂದ “ಕೇಳಿಸಲಿಲ್ಲಮ್ಮ, ಇನ್ನೊಂದ್ಸಲ” ಅಂದರು.

ನನಗೆ ಹರದನಹಳ್ಳಿಯ ಹೊಸಿಲು ಕಾಣಿಸಿತು. ನಿನ್ನ ಅತ್ತೆಯರು ಕೈ ಜೋಡಿಸಿ ನಿಂತಿರುವುದು, ಅವರು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿರುವುದು. ಗಟ್ಟಿಯಾಗಿ ಹೇಳಿದೆ. ಈ ಗಾಡಿ ಗುರುಪಾದಸ್ವಾಮಿಯವರದು, ಗುರುಪಾದಸ್ವಾಮಿ ನನ್ನ ಗಂಡ, ಗುರುಪಾದಸ್ವಾಮಿ ತೀರಿಕೊಂಡಿದ್ದಾರೆ. ಮೂರು ಸಲ ಹೇಳಿದೆ ರೂಪ. ಒಂದು ಸಲ ಬಾಯಿಗೆ ಬಂದದ್ದು ನಿಲ್ಲಲಿಲ್ಲ. ಆಮೇಲೆ ಆ ಸ್ಟೂಲಿನ ಮೇಲೆ ಕೂತು ಅತ್ತೆ. ರಾಜಣ್ಣ ಸ್ಪ್ಯಾನರ್ ಕೆಳಗಿಟ್ಟು ಆ ಕಡೆ ತಿರುಗಿ ನಿಂತ.

ನಿನ್ನ ಮನೆಯ ಬಾಗಿಲವರೆಗೆ ಬಂದೆ. ಬೀಗ ಹಾಕಿತ್ತು. ಹೊಲದಲ್ಲಿ ಇದ್ದಿರಬೇಕು. ಡಬ್ಬವನ್ನು ತುಳಸಿ ಕಟ್ಟೆಯ ಮೇಲೆ ಇಟ್ಟು ಬಂದಿದ್ದೇನೆ.

ನಿನ್ನ ಅವ್ವ,
ಸುಧಾಮಣಿ

ಗುಂಡ್ಲುಪೇಟೆ
೧೯ ನವೆಂಬರ್ ೨೦೨೫

ಅವ್ವ,

ನಿನ್ನ ಕಾಗದ ಸಿಕ್ಕಿದ ದಿನವೇ ಗ್ಯಾರೇಜಿಗೆ ಓಡಿದೆ. ರಾಜಣ್ಣ ಎಲ್ಲ ಹೇಳಿದ. “ಅವ್ವಾರು ಅತ್ಬುಟ್ರು ಕಣಿ ಮೇಡಂ, ನಮ್ಮಪ್ಪ ಸತ್ತಿದ್ದು ಗ್ಯಾಪ್ಕ ಬಂತು” ಅಂದ. ನಾನು ಕಾರಿನೊಳಗೆ ಹೋಗಿ ನೀನು ಕೂರುತ್ತಿದ್ದ ಸೀಟಿನಲ್ಲಿ ಕೂತುಕೊಂಡೆ. ಅಲ್ಲಿಂದ ಅಪ್ಪಾಜಿಯ ಸೀಟು ಎಷ್ಟು ಹತ್ತಿರ ಅವ್ವ.

ಭಾನುವಾರ ಬರುತ್ತೇನೆ. ಫೋನ್ ಮಾಡಿ ಹೇಳಬಹುದಿತ್ತು, ಆದರೆ ಬರೆಯುವುದು ಅಭ್ಯಾಸವಾಗಿದೆ. ಈ ಸಲ ಕಿಟಕಿಗೆ ಕಾಯುವುದಿಲ್ಲ. ನಿನ್ನ ತೊಡೆಯ ಮೇಲೆ ತಲೆ ಇಟ್ಟು ಅಳುತ್ತೇನೆ, ಸೀರೆ ಒದ್ದೆಯಾದರೆ ಬೈಯಬೇಡ.

ಡಬ್ಬದಲ್ಲಿ ಕೋಡುಬಳೆ ಇದೆ. ಮೇಲಿಟ್ಟಿರುವುದು ನಮ್ಮ ಹೊಲದ ಚೆಂಡುಹೂವು. ಹರದನಹಳ್ಳಿಯಲ್ಲಿ ಅಪ್ಪಾಜಿಯ ಗದ್ದುಗೆಗೆ.

ನಿನ್ನ,
ರೂಪ

ಚಾಮರಾಜನಗರ
೨೨ ಫೆಬ್ರವರಿ ೨೦೨೬

ನನ್ನ ರೂಪಶ್ರೀಗೆ ಅವ್ವನ ಆಶೀರ್ವಾದ.

ಮುಗಿಯಿತು. ಕಂಪನಿಯವರು ಹೆಸರು ಬದಲಾಯಿಸದೆ ಇದ್ದುದಕ್ಕೆ ಒಂದಷ್ಟು ಹಿಡಿದುಕೊಂಡು ಉಳಿದದ್ದನ್ನು ಒಪ್ಪಿದ್ದಾರೆ. ಗುರುಮಲ್ಲಯ್ಯ ಇದನ್ನೇ ದೊಡ್ಡ ಪವಾಡ ಅನ್ನುತ್ತಿದ್ದಾನೆ. ನನಗೆ ಅದರ ಮೇಲೆ ಹೆಚ್ಚು ಗಮನವಿಲ್ಲ. ಜೂನಿನಲ್ಲಿ ಆನೆ ತಿಂದ ಹಲಸಿಗೆ ಮುಂದಿನ ಹಲಸಿನ ಕಾಲ ಹತ್ತಿರವಾಗುವಾಗ ಉತ್ತರ ಬಂದಿದೆ.

ಕಾಗದಗಳಿಗಾಗಿ ಓಡಾಡಿದೆವಲ್ಲ, ಅದರಲ್ಲಿ ಒಂದು ನನಗೆ ಹಿಡಿಸಿತು. ನಾಡಕಚೇರಿಯಲ್ಲಿ ಕೊಟ್ಟ ವಂಶವೃಕ್ಷ. ಹೆಸರು ತೆಗೆಯುತ್ತಾರೆ ಎಂದು ನಾನು ಹೆದರಿ ಸತ್ತಿದ್ದೆ. ತೆಗೆದಿಲ್ಲ ಕಣಮ್ಮಿ. ಎಲ್ಲಕ್ಕಿಂತ ಮೇಲೆ ಅವರನ್ನೇ ಬರೆದು, ಪಕ್ಕದಲ್ಲಿ ಮರಣ ಎಂದು ಹಾಕಿ, ಅವರಿಂದ ಗೆರೆ ಎಳೆದು ನಮ್ಮಿಬ್ಬರನ್ನು ಕೆಳಗೆ ಬರೆದಿದ್ದಾರೆ. ಅದನ್ನು ನೋಡಿದ ಮೇಲೆ ಆರ್‌ಸಿಗೆ ಒಂದೇ ಸಲಕ್ಕೆ ಸಹಿ ಮಾಡಿದೆ.

ರಾಜಣ್ಣನಿಗೆ ಒಂದು ಮಾತು ಹೇಳು. ಗಾಜು, ಮೇಲಿನ ತಗಡು ಎಲ್ಲ ಹೊಸದು ಹಾಕಲಿ. ಹಲಸಿನ ಗಿಡವನ್ನು ಬೇರಿಗೆ ಪೆಟ್ಟಾಗದ ಹಾಗೆ ಎತ್ತಿ ಗ್ಯಾರೇಜಿನ ಹಿಂದೆಯೇ ನೆಟ್ಟುಕೊಳ್ಳಲಿ. ಇಷ್ಟು ದಿನ ಸಾಕಿದವನು ಅವನು.

ನಿನ್ನೆ ಸಂಜೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಒಳಮನೆಯಲ್ಲಿ ಫೋನು ಟಿಣ್ ಅಂದಿತು. ಕಂಪನಿಯದೇ ಇರಬೇಕೆಂದು ಕೈ ಒರೆಸಿಕೊಂಡು ಹೋದೆ. ಎಲ್ಲ ನನ್ನ ಹೆಸರಿಗೆ ಆಗಿದೆಯಲ್ಲ, ಅದು ನನಗೆ ಹೊಳೆದಿರಲಿಲ್ಲ. ಅವರ ಫೋನಿನಲ್ಲಿ, ಅವರ ಬೆರಳು ತಾಗಿ ತಾಗಿ ಮಾಸಿದ ಆ ಗಾಜಿನ ಮೇಲೆ, ‘ಪ್ರಿಯ ಸುಧಾಮಣಿ’ ಎಂದು ಬರೆದಿತ್ತು.

ಕೆಳಗೆ ಇದ್ದದ್ದು ಕ್ಲೇಮ್ ಇತ್ಯರ್ಥವಾದ ಸುದ್ದಿ. ನಾನು ಆಗಲೂ ಮೊದಲ ಸಾಲನ್ನೇ ಓದಿಕೊಂಡು ಮನೆಯೆಲ್ಲ ತಿರುಗಾಡಿದೆ.

ಆಮೇಲೆ ದೀಪ ಹಚ್ಚಿದೆ. ಬಾಗಿಲ ಪಕ್ಕದ ಚಪ್ಪಲಿಯನ್ನು ಒರೆಸಿ ಒಳಗೆ ಎತ್ತಿಟ್ಟೆ. ಫೋನಿಗೆ ಚಾರ್ಜು ಹಾಕಲಿಲ್ಲ.

ಇಂತಿ ನಿನ್ನ ಅವ್ವ,
ಸುಧಾಮಣಿ ಗುರುಪಾದಸ್ವಾಮಿ